ಮೈತುಂಬ ಪ್ರಾಣಿವೇಷ, ಸುತ್ತ ಜನಜಂಗುಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ತೋಳವೋ ಹುಲಿಯೋ ಡ್ರ್ಯಾಗನ್ನೋ, ಮುಡಿಯಿಂದ ಅಡಿಯವರೆಗೆ ಮುಚ್ಚುವ ವೇಷ ತೊಟ್ಟು ಕಾಸ್‌ಪ್ಲೇ (ಕತೆ, ಸಿನಿಮಾಗಳ ಪಾತ್ರಗಳಂತೆ ವೇಷ ತೊಡುವ ಹವ್ಯಾಸ) ಸಮಾವೇಶಕ್ಕೋ ಫರ್‌ಸೂಟ್ (ಕೃತಕ ತುಪ್ಪಳದ ಪ್ರಾಣಿವೇಷ) ಕೂಟಕ್ಕೋ ಹೊರಟವರು ಕೇಳುವ ಪ್ರಶ್ನೆಗಳಿವು. ನಾನು ಕೆಲವು ವರ್ಷ ಇಂಥ ವೇಷದ ಒಳಗಿದ್ದೆ. ಅದಕ್ಕಿಂತ ಹೆಚ್ಚು ವರ್ಷ ವೇಷಧಾರಿಯ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಡೆದಿದ್ದೇನೆ. ಕಲಿತದ್ದರಲ್ಲಿ ಹೆಚ್ಚಿನ ಪಾಲು ಎರಡನೆಯ ಕೆಲಸದ್ದು.

ಸಭಾಂಗಣದಲ್ಲಿ ಏಸಿ ಇರುತ್ತದೆ. ಆದರೂ ಸೆಕೆಯ ಬಗ್ಗೆ ಇಷ್ಟೊಂದು ಹೆದರಿಸುವುದೇಕೆ?

ಏಸಿ ತಂಪಾಗಿಸುವುದು ಸಭಾಂಗಣವನ್ನು, ನಿಮ್ಮನ್ನಲ್ಲ. ನಿಮ್ಮ ಸುತ್ತ ಕೃತಕ ತುಪ್ಪಳ, ಅದರ ಕೆಳಗೆ ಅಸ್ತರು, ತಲೆಯ ಭಾಗದಲ್ಲಿ ಎರಡು ಮೂರು ಅಂಗುಲ ದಪ್ಪದ ಫೋಮ್ ಇರುತ್ತದೆ. ತುಪ್ಪಳದ ಎಳೆಗಳ ನಡುವೆ ಕದಲದೆ ನಿಂತ ಗಾಳಿ ಕಂಬಳಿಯ ಕೆಲಸ ಮಾಡುತ್ತದೆ. ದೇಹ ತನ್ನ ಶಾಖವನ್ನು ಹೊರಹಾಕಲು ನೆಚ್ಚಿಕೊಂಡಿರುವುದು ಬೆವರನ್ನು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊರಟುಹೋಗುತ್ತದೆ. ವೇಷದೊಳಗಿನ ಗಾಳಿಯೋ ಐದು ಹತ್ತು ನಿಮಿಷದಲ್ಲೇ ತೇವದಿಂದ ತುಂಬಿರುತ್ತದೆ. ಆಮೇಲೆ ಬರುವ ಬೆವರಿಗೆ ಆವಿಯಾಗಲು ಜಾಗವೇ ಇಲ್ಲ. ಬೆನ್ನಿನ ಮೇಲೆ ಹರಿದು ಕಾಲಿನ ಪಂಜದೊಳಗೆ ನಿಲ್ಲುತ್ತದೆ. ಆವಿಯಾದ ಬೆವರು ತಂಪು, ಹರಿದ ಬೆವರು ಬರೀ ಒದ್ದೆ. ನೀರು ಕಳೆದುಕೊಳ್ಳುತ್ತೀರಿ, ತಂಪಂತೂ ಸಿಗುವುದಿಲ್ಲ.

ಇನ್ನೊಂದು ವಿಷಯ. ಸಾಮಾನ್ಯ ಉಡುಪಿನಲ್ಲಿ ಒಬ್ಬರಿಗೆ ಸುಸ್ತಾದರೆ ಮುಖ ಕೆಂಪಾಗುವುದು, ಕಣ್ಣು ಮಂಕಾಗುವುದು ಪಕ್ಕದವರಿಗೆ ಗೊತ್ತಾಗುತ್ತದೆ. ವೇಷದ ಮುಖ ಸದಾ ನಗುತ್ತಿರುತ್ತದೆ. ಒಳಗಿರುವವರು ಕುಸಿಯುವ ಕ್ಷಣದಲ್ಲೂ ಅದು ನಗುತ್ತಲೇ ಇರುತ್ತದೆ. ಕೆಳಗಿನ ಉತ್ತರಗಳಲ್ಲಿ ಮುಕ್ಕಾಲು ಪಾಲು ಈ ಒಂದು ತೊಡಕಿನಿಂದ ಹುಟ್ಟಿದವು.

ಒಂದು ಸಲಕ್ಕೆ ಎಷ್ಟು ಹೊತ್ತು ತೊಟ್ಟಿರಬಹುದು?

ಮೊದಲ ಸಲವಾದರೆ 15ರಿಂದ 20 ನಿಮಿಷ. ಅಭ್ಯಾಸವಾದವರು, ತಂಪಾದ ಜಾಗದಲ್ಲಿ ನಿಧಾನವಾಗಿ ನಡೆಯುತ್ತಿದ್ದರೆ, 40–45 ನಿಮಿಷ. ಕುಣಿಯುವುದಾದರೆ ಅದರ ಅರ್ಧ. ಇವು ನನ್ನ ಲೆಕ್ಕಗಳು; ಇದಕ್ಕಿಂತ ಕಡಿಮೆ ಸಾಕೆಂದು ನಿಮ್ಮ ಮೈ ಹೇಳಿದರೆ ಮೈಯ ಮಾತು ಕೇಳಿ. ಎಷ್ಟು ಹೊತ್ತು ತೊಟ್ಟಿದ್ದಿರೋ ಅಷ್ಟೇ ಹೊತ್ತು ವೇಷದ ತಲೆ ತೆಗೆದು, ಜಿಪ್ ಸೊಂಟದವರೆಗೆ ಇಳಿಸಿ ಫ್ಯಾನಿನ ಮುಂದೆ ಕೂರಬೇಕು. ಐದು ನಿಮಿಷ ಮುಖಕ್ಕೆ ಗಾಳಿ ಹಾಕಿಕೊಂಡು ಮತ್ತೆ ಹೊರಟರೆ ಅದು ವಿಶ್ರಾಂತಿಯಲ್ಲ.

ಎಲ್ಲರೂ ಎಡವುವುದು ಲೆಕ್ಕ ಶುರುಮಾಡುವಲ್ಲಿ. ಗಡಿಯಾರ ಓಡಬೇಕಾದದ್ದು ಕೋಣೆಯಲ್ಲಿ ಜಿಪ್ ಎಳೆದ ಕ್ಷಣದಿಂದ. ಲಿಫ್ಟಿಗೆ ಕಾದ ಹತ್ತು ನಿಮಿಷ, ಬಾಗಿಲ ಬಳಿಯ ಸರದಿ, ಫೋಟೊ ಕೇಳಿದವರೊಂದಿಗೆ ನಿಂತದ್ದು ಎಲ್ಲವೂ ಅದರೊಳಗೇ ಬರುತ್ತದೆ. ಮರಳಿ ಹೋಗುವ ದಾರಿಗೂ ಅಷ್ಟೇ ಸಮಯ ಬೇಕು. ಹಾಗಾಗಿ 40 ನಿಮಿಷದ ಸುತ್ತಾಟ ಎಂದರೆ ಇಪ್ಪತ್ತನೆಯ ನಿಮಿಷಕ್ಕೆ ಹಿಂತಿರುಗುವುದು.

ದೇಹ ಬಿಸಿಗೆ ಒಗ್ಗಿಕೊಳ್ಳಲು 7ರಿಂದ 14 ದಿನ ಬೇಕು. ಸಮಾವೇಶಕ್ಕೆ ಎರಡು ವಾರ ಮೊದಲೇ ದಿನವೂ ಸ್ವಲ್ಪ ಹೊತ್ತು ಮನೆಯಲ್ಲಿ ವೇಷ ತೊಟ್ಟು ಓಡಾಡಿ. ಮೆಟ್ಟಿಲು ಹತ್ತಿ, ಕುರ್ಚಿಯಲ್ಲಿ ಕೂತು ಏಳಿ, ಬಾಗಿಲು ತೆಗೆದು ನೋಡಿ. ಯಾವ ಹೊಲಿಗೆ ಎಲ್ಲಿ ಉಜ್ಜುತ್ತದೆ ಎಂಬುದೂ ಆಗಲೇ ತಿಳಿಯುತ್ತದೆ.

ನೀರು ಎಷ್ಟು ಕುಡಿಯಬೇಕು?

ಬಾಯಾರಿಕೆಗೆ ಕಾಯಬೇಡಿ. ಪ್ರತಿ 15–20 ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು, ಅಂದರೆ 200–250 ಮಿಲಿಲೀಟರ್. ಗಂಟೆಗೆ ಒಂದೂವರೆ ಲೀಟರ್ ದಾಟಬಾರದು. ಅತಿಯಾಗಿ ಬರೀ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಅದೂ ಪ್ರಾಣಕ್ಕೆ ಎರವಾಗಬಹುದು. ದಿನವಿಡೀ ಬೆವರಿದವರು ನಡುನಡುವೆ ಓಆರ್‌ಎಸ್ ಕುಡಿಯಲಿ, ಊಟ ಬಿಡದಿರಲಿ. ಹಿಂದಿನ ರಾತ್ರಿಯ ಮದ್ಯಪಾನ ಮರುದಿನದ ವೇಷದೊಳಗೆ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತದೆ. ಬಾಟಲಿಗೆ ಉದ್ದನೆಯ ಸ್ಟ್ರಾ ಇಟ್ಟುಕೊಂಡರೆ ವೇಷದ ಬಾಯಿಯ ಮೂಲಕವೇ ಕುಡಿಯಬಹುದು. ಆದರೆ ಸ್ಟ್ರಾ ಇದೆಯೆಂದು ವಿಶ್ರಾಂತಿಯನ್ನು ಮುಂದೂಡಬೇಡಿ.

ಬಿಸಿ ಮೈಗೇರಿದೆ ಎಂದು ಗೊತ್ತಾಗುವುದು ಹೇಗೆ?

ತಲೆನೋವು, ಓಕರಿಕೆ, ಸ್ನಾಯುಸೆಳೆತ, ತಲೆಸುತ್ತು, ಸೆಕೆಯ ನಡುವೆಯೂ ಮೈಯಲ್ಲಿ ಚಳಿ ಸುಳಿದಂತಾಗುವುದು ಬಳಲಿಕೆಯ ಗುರುತುಗಳು. ಇವುಗಳಲ್ಲಿ ಒಂದು ಕಂಡರೂ ಆ ಸುತ್ತು ಮುಗಿಯಿತು. ತಲೆ ತೆಗೆಯಿರಿ, ಕೂರಿ, ನೀರು ಕುಡಿಯಿರಿ.

ಅದಕ್ಕೂ ಮುಂದಿನದು ಶಾಖಾಘಾತ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ ಮೆದುಳು ತಪ್ಪುಲೆಕ್ಕ ಹಾಕತೊಡಗುವ ಹಂತ ಅದು. ಅಲ್ಲಿಗೆ ಬಂದವರಿಗೆ ತಾವು ಅಲ್ಲಿಗೆ ಬಂದದ್ದು ಗೊತ್ತಾಗುವುದಿಲ್ಲ. ನಾನು ಜೊತೆಗಿದ್ದ ಒಬ್ಬ ಗೆಳೆಯ, ಬೂದು ಬಣ್ಣದ ದೊಡ್ಡ ತೋಳ, ನೃತ್ಯ ಮುಗಿಸಿ ಹೊರಬಂದವನು ಗೋಡೆಯ ಬದಿ ನಿಂತು ಕೈಬೀಸತೊಡಗಿದ. ಜನ ನಕ್ಕರು, ಒಬ್ಬರು ವಿಡಿಯೊ ಮಾಡಿಕೊಂಡರು. ಅವನು ಯಾರಿಗೆ ಕೈಬೀಸುತ್ತಿದ್ದಾನೆಂದು ತಿರುಗಿ ನೋಡಿದೆ. ಅಲ್ಲಿ ಒಂದು ಕಂಬ ಬಿಟ್ಟರೆ ಯಾರೂ ಇರಲಿಲ್ಲ. ಭುಜ ತಟ್ಟಿ ಹೆಬ್ಬೆರಳು ತೋರಿಸಿದೆ. ನಮ್ಮಲ್ಲಿ ಅದಕ್ಕೆ ಮರಳಿ ಹೆಬ್ಬೆರಳು ತೋರಿಸುವುದು ಒಪ್ಪಂದ. ಅವನು ಕಂಬದ ಕಡೆಗೇ ಕೈಬೀಸುತ್ತಿದ್ದ. ಅಲ್ಲೇ ತಲೆ ಎತ್ತಿ ತೆಗೆದೆ. ಒಳಗಿನ ಮುಖ ಬೆಂದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ಹೆಸರು ಕೇಳಿದರೆ ವೇಷದ ಹೆಸರು ಹೇಳಿದ. ಸಮಯಕ್ಕೆ ಸರಿಯಾಗಿ ತಂಪು ಸಿಕ್ಕಿತು, ಚೇತರಿಸಿಕೊಂಡ. ಕಂಬದ ಸಂಗತಿ ಅವನಿಗೆ ಇವತ್ತಿಗೂ ನೆನಪಿಲ್ಲ.

ಗೊಂದಲದ ಮಾತು, ತೂರಾಡುವ ನಡಿಗೆ, ಕಾರಣವಿಲ್ಲದ ಸಿಟ್ಟು, ಪ್ರಶ್ನೆಗೆ ಉತ್ತರ ಬಾರದಿರುವುದು ಇವುಗಳನ್ನು ಕಂಡರೆ ತುರ್ತು ಸೇವೆಗೆ ಕರೆಮಾಡಿ, ಆದರೆ ಆಂಬುಲೆನ್ಸಿಗೆ ಕಾಯುತ್ತ ಕೂರಬೇಡಿ. ಮೊದಲು ತಂಪು, ಆಮೇಲೆ ಸಾಗಣೆ. ವೇಷ ಪೂರ್ತಿ ಕಳಚಿ. ಜಿಪ್ ಸಿಕ್ಕಿಕೊಂಡರೆ ಕತ್ತರಿ ಹಾಕಿ. ತಿಂಗಳುಗಟ್ಟಲೆ ಹೊಲಿದದ್ದೆಂದು ಆ ಹೊತ್ತಿನಲ್ಲಿ ಮರುಗಬಾರದು. ತಣ್ಣೀರಿನ ತೊಟ್ಟಿ ಸಿಕ್ಕರೆ ಮುಖ ಮೇಲಿರುವಂತೆ ಹಿಡಿದುಕೊಂಡು ಕುತ್ತಿಗೆಯವರೆಗೆ ಅದರಲ್ಲಿ ಕೂರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಇಲ್ಲವಾದರೆ ಮೈಮೇಲೆ ನೀರು ಸುರಿಯುತ್ತ ಜೋರಾಗಿ ಗಾಳಿ ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ. ಎಚ್ಚರ ತಪ್ಪಿದವರ ಅಥವಾ ಅರೆಎಚ್ಚರದಲ್ಲಿರುವವರ ಬಾಯಿಗೆ ನೀರು ಹಾಕಬೇಡಿ, ಅದು ಉಸಿರುನಾಳಕ್ಕೆ ಇಳಿಯಬಹುದು. ‘ಬೆವರುತ್ತಿದ್ದಾರೆ, ಹಾಗಾದರೆ ಶಾಖಾಘಾತ ಅಲ್ಲ’ ಎಂಬ ಮಾತು ಬಹಳ ಕಡೆ ಕೇಳುತ್ತದೆ. ಅದು ತಪ್ಪು. ದಣಿದು ಬಿದ್ದವರು ಶಾಖಾಘಾತದ ನಡುವೆಯೂ ಧಾರಾಕಾರ ಬೆವರುತ್ತಿರಬಹುದು.

ಜೊತೆಗೊಬ್ಬರು ಇರಲೇಬೇಕೇ? ನಾನು ಅನುಭವಿ.

ಇರಲೇಬೇಕು. ಮೇಲಿನ ಗೆಳೆಯನೂ ಅನುಭವಿಯೇ ಆಗಿದ್ದ.

ಹ್ಯಾಂಡ್ಲರ್ ಎಂದು ಕರೆಯುವ ಈ ಸಹಾಯಕರು ಬರೀ ಚೀಲ ಹೊರುವವರಲ್ಲ. ನಿಮ್ಮ ಕಣ್ಣು, ಕಿವಿ, ಗಡಿಯಾರ ಮೂರೂ ಅವರೇ. ಹೊರಡುವ ಮೊದಲೇ ಒಂದು ಮಾತು ಗಟ್ಟಿಮಾಡಿಕೊಳ್ಳಿ: ಅವರು ‘ಸಾಕು’ ಎಂದರೆ ಸಾಕು, ವಾದವಿಲ್ಲ. ಬಿಸಿ ಏರಿದ ತಲೆಗೆ ತಾನು ಸರಿಯಾಗಿದ್ದೇನೆಂಬ ಭ್ರಮೆ ಇರುತ್ತದೆ. ತೀರ್ಮಾನ ತಣ್ಣಗಿನ ತಲೆಯದ್ದಾಗಿರಲಿ. ಸನ್ನೆಗಳು ನಾಲ್ಕೇ ಇರಲಿ: ಚೆನ್ನಾಗಿದ್ದೇನೆ, ನೀರು, ಹೊರಗೆ ಹೋಗೋಣ, ತಲೆ ಈಗಲೇ ತೆಗೆಯಿರಿ. ಕೊನೆಯದು ಎರಡೂ ಕೈಯಿಂದ ತಲೆ ತಟ್ಟುವಂತಹ, ಆಟದ ನಡುವೆ ಯಾರೂ ಮಾಡದ ಸನ್ನೆಯಾಗಿರಬೇಕು. ವೇಷದಲ್ಲಿ ಮಾತಾಡುವುದಿಲ್ಲವೆಂದು ವ್ರತ ಹಿಡಿದವರಿದ್ದಾರೆ. ಆ ವ್ರತ ನೋಡುಗರೊಂದಿಗಿರಲಿ, ಸಹಾಯಕರೊಂದಿಗೆ ಬೇಡ.

ಸಹಾಯಕರ ಚೀಲದಲ್ಲಿ ನೀರು, ಓಆರ್‌ಎಸ್, ಸ್ಟ್ರಾ, ಒಣ ಟವೆಲ್, ಕತ್ತರಿ, ಸೂಜಿ ದಾರ, ಪಿನ್ನು, ಟೇಪು, ಚಿಕ್ಕ ಟಾರ್ಚ್ ಇರಲಿ. ನಿಮಗೆ ಯಾವ ಔಷಧಿ ಒಗ್ಗುವುದಿಲ್ಲ, ಮನೆಯವರ ಫೋನ್ ನಂಬರ್ ಏನು ಎಂಬ ಚೀಟಿಯೂ ಇರಲಿ. ಇನ್ನೊಂದು, ಸಹಾಯಕರಿಗೂ ಊಟ, ವಿಶ್ರಾಂತಿ ಬೇಕು. ಇದನ್ನು ಮರೆಯುವ ವೇಷಧಾರಿಗಳೇ ಹೆಚ್ಚು.

ಒಳಗಿನಿಂದ ಎಷ್ಟು ಕಾಣುತ್ತದೆ?

ಬರಿಗಣ್ಣಿಗೆ ಅಕ್ಕಪಕ್ಕ ಸೇರಿ ಸುಮಾರು 180 ಡಿಗ್ರಿಯಷ್ಟು ಕಾಣುತ್ತದೆ. ವೇಷದ ಕಣ್ಣಿನ ಜಾಲರಿಯ ಹಿಂದಿನಿಂದ ಅದರ ಒಂದು ತುಣುಕು ಮಾತ್ರ. ಕೆಲವು ವೇಷಗಳಲ್ಲಿ ನೋಡಬೇಕಾದದ್ದು ಕಣ್ಣಿನ ಮೂಲೆಯ ಸಣ್ಣ ಸೀಳಿನಿಂದ, ಇನ್ನು ಕೆಲವುಗಳಲ್ಲಿ ಬಾಯಿಯ ಸಂದಿನಿಂದ. ಬೆಳಕು ಕಡಿಮೆಯಾದರೆ ಅದೂ ಮಸುಕು. ಎಲ್ಲಕ್ಕಿಂತ ಕಾಣದ ಜಾಗ ನಿಮ್ಮ ಗದ್ದದ ಕೆಳಗಿನದು, ಚಿಕ್ಕ ಮಕ್ಕಳು ಓಡಿಬಂದು ನಿಲ್ಲುವುದೂ ಅಲ್ಲೇ. ಹಾಗಾಗಿ ತಟ್ಟನೆ ತಿರುಗಬೇಡಿ, ಹಿಂದಕ್ಕೆ ಹೆಜ್ಜೆ ಇಡಬೇಡಿ, ಕೈಯನ್ನು ಅಗಲಕ್ಕೆ ಬೀಸಬೇಡಿ. ನಡೆಯುವಾಗ ಪಾದವನ್ನು ಎತ್ತಿ ಇಡುವುದಕ್ಕಿಂತ ನೆಲಕ್ಕೆ ಸವರಿದಂತೆ ಇಡಿ. ಅಡ್ಡ ಬಂದದ್ದು ತುಳಿಯುವ ಮೊದಲು ತಾಗುತ್ತದೆ.

ಎಸ್ಕಲೇಟರ್?

ಬೇಡ. ತುಪ್ಪಳದ ಪಂಜ, ಬಾಲ ಎರಡೂ ಅದರ ಹಲ್ಲಿಗೆ ಸಿಗುವಂಥವು. ಲಿಫ್ಟ್ ಬಳಸಿ, ಬಾಗಿಲು ಮುಚ್ಚುವ ಮೊದಲು ಬಾಲವನ್ನು ಕೈಯಲ್ಲಿ ಹಿಡಿದುಕೊಳ್ಳಿ. ಮೆಟ್ಟಿಲೇ ಗತಿಯಾದರೆ ಒಂದು ಕೈ ಕಟಕಟೆಯ ಮೇಲೆ, ಇನ್ನೊಂದು ಸಹಾಯಕರ ಭುಜದ ಮೇಲೆ, ಪಾದ ಅಡ್ಡಲಾಗಿ ಇಟ್ಟು ಇಳಿಯಿರಿ. ಸಹಾಯಕರು ಎರಡು ಮೆಟ್ಟಿಲು ಕೆಳಗಿರಲಿ. ಪಂಜದ ಅಡಿಗೆ ರಬ್ಬರ್ ಅಟ್ಟೆ ಇಲ್ಲದಿದ್ದರೆ ನುಣುಪಾದ ನೆಲದಲ್ಲಿ ಜಾರುವುದು ಖಂಡಿತ.

ತಲೆಯೊಳಗೆ ಫ್ಯಾನ್, ಮೈಗೆ ತಂಪಿನ ಜಾಕೆಟ್ ಹಾಕಿದರೆ ಹೆಚ್ಚು ಹೊತ್ತು ಇರಬಹುದೇ?

ಫ್ಯಾನ್ ಒಳ್ಳೆಯದು. ಬಾಯಿಯ ಕಡೆಯಿಂದ ಹೊಸ ಗಾಳಿ ಬಂದು ಕಿವಿ ಅಥವಾ ನೆತ್ತಿಯ ಕಡೆಯಿಂದ ಹಳೆಯದು ಹೊರಹೋಗುವಂತೆ ಇಡಬೇಕು. ಹೊರದಾರಿಯಿಲ್ಲದ ತಲೆಯಲ್ಲಿ ಫ್ಯಾನ್ ನಿಮ್ಮದೇ ಉಸಿರನ್ನು ನಿಮಗೇ ತಿರುಗಿಸಿ ಊದುತ್ತದೆ. ಮೂತಿ ಪೂರ್ತಿ ಮುಚ್ಚಿದ ವೇಷವಂತೂ, ಫ್ಯಾನ್ ಇರಲಿ ಬಿಡಲಿ, ಉಸಿರಾಟಕ್ಕೆ ಯೋಗ್ಯವಲ್ಲ. ಗಾಳಿಯ ದಾರಿ ತೆರೆಯಿರಿ. ಪವರ್ ಬ್ಯಾಂಕನ್ನು ತಲೆಯ ಫೋಮ್‌ನಲ್ಲಿ ಹುದುಗಿಸಬೇಡಿ. ಲಿಥಿಯಂ ಬ್ಯಾಟರಿ ಕೆಟ್ಟಾಗ ಎಸೆಯಲು ಬರುವಂತೆ ಕೈಗೆ ಸಿಗುವ ಜೇಬಿನಲ್ಲಿರಲಿ, ಬೆವರು ತಾಗದಂತೆ ಸುತ್ತಿರಲಿ. ವಿಮಾನದಲ್ಲಿ ಹೋಗುವಾಗ ಅದು ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಮೀರದಂತೆ ನೋಡಿಕೊಳ್ಳಿ.

ಜಾಕೆಟ್‌ಗಳಲ್ಲಿ ಎರಡು ಬಗೆ. ನೀರಿನಲ್ಲಿ ನೆನೆಸಿ ತೊಡುವವು ಆವಿಯಾಗುವುದರಿಂದ ತಂಪು ಕೊಡುತ್ತವೆ. ಮೊದಲೇ ತೇವ ತುಂಬಿದ ವೇಷದೊಳಗೆ ಅವು ಒದ್ದೆ ಭಾರವಷ್ಟೇ. ಕರಗುವ ತಂಪು ಪಟ್ಟಿಗಳಿರುವವು ಉಪಯೋಗಕ್ಕೆ ಬರುತ್ತವೆ. ಪಟ್ಟಿಯೊಳಗಿನ ವಸ್ತು ಕರಗುತ್ತ ಮೈಯ ಶಾಖ ಹೀರುತ್ತದೆ, ಪೂರ್ತಿ ಕರಗಿದ ಮೇಲೆ ಅದೂ ಇನ್ನೊಂದು ಪದರ. ಬರಿಯ ಐಸನ್ನು ಚರ್ಮಕ್ಕೆ ನೇರ ತಾಗಿಸಬೇಡಿ.

ಹಾಗಾದರೆ ಹೆಚ್ಚು ಹೊತ್ತು ಇರಬಹುದೇ? ಅದೇ ಅವಧಿಯನ್ನು ಹೆಚ್ಚು ಆರಾಮವಾಗಿ ಕಳೆಯಬಹುದು. ತಂಪಿನ ಉಪಕರಣವನ್ನು ಅವಧಿ ಹಿಗ್ಗಿಸಲು ಬಳಸಿದವರ ಫ್ಯಾನ್ ಕೆಟ್ಟಾಗ ಏನಾಗುತ್ತದೆಂದು ಯೋಚಿಸಿ.

ಒಳಗೆ ಹತ್ತಿ ಬಟ್ಟೆ ತೊಡಬಹುದೇ?

ದಿನನಿತ್ಯಕ್ಕೆ ಹತ್ತಿಯೇ ಸರಿ, ಇಲ್ಲಿ ಅಲ್ಲ. ಬೆವರು ಹೀರಿ ಭಾರವಾಗಿ ಮೈಗಂಟುತ್ತದೆ, ಚರ್ಮ ಉಜ್ಜಿ ಗಾಯವಾಗುತ್ತದೆ. ಆಟಗಾರರು ತೊಡುವ, ಬೆವರನ್ನು ಹೊರಪದರಕ್ಕೆ ದಾಟಿಸುವ ತೆಳು ಬಿಗಿ ಬಟ್ಟೆ ತೊಡಿ. ತಲೆಗೆ ಅದೇ ಬಟ್ಟೆಯ ಟೋಪಿ ಹಾಕಿದರೆ ಬೆವರು ಕಣ್ಣಿಗಿಳಿಯುವುದಿಲ್ಲ. ಎರಡು ಮೂರು ಜೊತೆ ಇರಲಿ, ಪ್ರತಿ ವಿಶ್ರಾಂತಿಗೂ ಒಣದ್ದು.

ಕನ್ನಡಕ?

ಮಂಜು ಕಟ್ಟುತ್ತದೆ. ಮಂಜು ತಡೆಯುವ ದ್ರವ ಹಚ್ಚಿ, ಫ್ಯಾನಿನ ಗಾಳಿ ಗಾಜಿನ ಮೇಲೆ ಹಾಯುವಂತೆ ಮಾಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ತದ್ವಿರುದ್ಧ: ಆ ಗಾಳಿಗೆ ಕಣ್ಣು ಒಣಗುತ್ತದೆ.

ಕೇಳದೆ ಅಪ್ಪಿಕೊಳ್ಳುವವರು, ಬಾಲ ಎಳೆಯುವವರು ಇದ್ದಾರೆ. ಏನು ಮಾಡಲಿ?

ವೇಷ ಕಂಡರೆ ಕೆಲವರಿಗೆ ಒಳಗೊಬ್ಬ ಮನುಷ್ಯನಿದ್ದಾನೆಂಬುದೇ ಮರೆಯುತ್ತದೆ. ಹಿಂದಿನಿಂದ ಬಂದು ಅಪ್ಪಿದರೆ ನೀವು ಬೀಳಬಹುದು, ನಿಮ್ಮ ಕೈ ಅವರಿಗೆ ಬಡಿಯಬಹುದು. ಸಹಾಯಕರು ಅರ್ಧ ಹೆಜ್ಜೆ ಹಿಂದೆ, ಬಾಲದ ಬದಿಯಲ್ಲಿ ನಡೆಯುವುದು ಇದಕ್ಕೇ. ಬಾಲವನ್ನು ವೇಷದ ಬಟ್ಟೆಗೆ ಹೊಲಿಯುವ ಬದಲು ಒಳಗಿನ ಬೆಲ್ಟಿಗೆ ಕಟ್ಟಿದರೆ ಎಳೆತದಲ್ಲಿ ಬೆನ್ನಿನ ಹೊಲಿಗೆ ಹರಿಯುವುದಿಲ್ಲ. ಯಾರಾದರೂ ಮಿತಿ ಮೀರಿದರೆ ಪಾತ್ರದಿಂದ ಹೊರಬಂದು ಮನುಷ್ಯ ದನಿಯಲ್ಲಿ ‘ಬೇಡ’ ಎನ್ನಿ. ಆ ದನಿ ಕೇಳಿದ ತಕ್ಷಣ ಹೆಚ್ಚಿನವರು ಬೆಚ್ಚಿ ಕೈ ಬಿಡುತ್ತಾರೆ. ಬಿಡದವರನ್ನು ಸಮಾವೇಶದ ಸ್ವಯಂಸೇವಕರಿಗೆ ಒಪ್ಪಿಸಿ.

ನಿಯಮ ನಿಮಗೂ ಇದೆ. ಮಗು ಹೆದರಿ ತಾಯಿಯ ಹಿಂದೆ ಅಡಗಿದರೆ ಹತ್ತಿರ ಹೋಗಬೇಡಿ. ದೂರದಲ್ಲಿ ಮಂಡಿಯೂರಿ ಕೂತು ಕೈಬೀಸಿ, ಬರುವುದಾದರೆ ಅದೇ ಬರಲಿ. ಫೋಟೊಕ್ಕೆ ನಿಂತಾಗ ಕೈಗಳು ಎಲ್ಲರಿಗೂ ಕಾಣುವ ಜಾಗದಲ್ಲಿರಲಿ.

ಮಕ್ಕಳ ಮುಂದೆ ತಲೆ ತೆಗೆಯಬಾರದು ಎನ್ನುತ್ತಾರಲ್ಲ?

ಆಟದ ಮೋಜು ಕೆಡದಿರಲೆಂದು ಹುಟ್ಟಿದ ರೂಢಿ ಅದು, ಒಳ್ಳೆಯ ರೂಢಿಯೇ. ಅದಕ್ಕಾಗಿಯೇ ದೊಡ್ಡ ಫರ್‌ಸೂಟ್ ಕೂಟಗಳಲ್ಲಿ ಹೆಡ್‌ಲೆಸ್ ಲೌಂಜ್ ಎಂಬ ಕೋಣೆ ಇರುತ್ತದೆ. ತಲೆ ತೆಗೆದು ಕೂರಲು ಜಾಗ, ದೊಡ್ಡ ಫ್ಯಾನುಗಳು, ನೀರು ಅಲ್ಲಿರುತ್ತವೆ, ಕ್ಯಾಮೆರಾಕ್ಕೆ ಪ್ರವೇಶವಿಲ್ಲ. ಹೋದ ಕೂಡಲೇ ಮೊದಲು ಆ ಕೋಣೆಯ ದಾರಿ ಕಲಿಯಿರಿ. ಆದರೆ ಉಸಿರು ಕಟ್ಟಿದಾಗ, ತಲೆಸುತ್ತು ಬಂದಾಗ ನೂರು ಮಕ್ಕಳು ನೋಡುತ್ತಿದ್ದರೂ ತೆಗೆಯಿರಿ. ತೋಳದ ತಲೆ ಕಳಚಿದ್ದನ್ನು ಮಗು ಸಂಜೆಗೆ ಮರೆಯುತ್ತದೆ, ತೋಳ ಕುಸಿದುಬಿದ್ದದ್ದನ್ನು ಮರೆಯುವುದಿಲ್ಲ.

ಬೆಂಕಿಯ ಎಚ್ಚರಿಕೆ ಗಂಟೆ ಬಾರಿಸಿದರೆ?

ಮೊದಲು ತಲೆ ತೆಗೆದು ಕಂಕುಳಲ್ಲಿ ಇರುಕಿಕೊಳ್ಳಿ, ಆಮೇಲೆ ನಡೆಯಿರಿ. ತಲೆ ಹಾಕಿಕೊಂಡು ಮೆಟ್ಟಿಲಿಳಿಯುವ ಒಬ್ಬರು ಹಿಂದಿನ ಐವತ್ತು ಜನರನ್ನು ತಡೆಯುತ್ತಾರೆ. ಇದು ಬರೀ ಊಹೆಯ ಮಾತಲ್ಲ. 2014ರ ಡಿಸೆಂಬರಿನಲ್ಲಿ ಅಮೆರಿಕದ ಷಿಕಾಗೊ ಬಳಿಯ ರೋಸ್‌ಮಾಂಟ್‌ನಲ್ಲಿ ಮಿಡ್‌ವೆಸ್ಟ್ ಫರ್‌ಫೆಸ್ಟ್ ಎಂಬ ಫರ್‌ಸೂಟ್ ಕೂಟ ನಡೆಯುತ್ತಿದ್ದ ಹೋಟೆಲಿನೊಳಗೆ ನಡುರಾತ್ರಿ ಕ್ಲೋರಿನ್ ಅನಿಲ ಹರಡಿ ಎಲ್ಲರನ್ನೂ ಹೊರಗೆ ಕಳಿಸಬೇಕಾಯಿತು. 19 ಮಂದಿಯನ್ನು ಆಸ್ಪತ್ರೆಗೆ ಸೇರಿಸಲಾಯಿತು. ಹೊರಗೆ ಚಳಿಯಲ್ಲಿ ನಿಂತವರಲ್ಲಿ ಹಲವರು ವೇಷದಲ್ಲೇ ಇದ್ದರು.

ಬೆಂಕಿಯ ವಿಚಾರ ಬಂತು, ಇದನ್ನೂ ಸೇರಿಸಿಬಿಡುತ್ತೇನೆ. ಅಕ್ರಿಲಿಕ್ ತುಪ್ಪಳ ಬೇಗ ಹೊತ್ತಿಕೊಂಡು ಕರಗಿ ಚರ್ಮಕ್ಕೆ ಅಂಟುತ್ತದೆ. ಸಿಗರೇಟು ಸೇದುವವರಿಂದ, ಮೋಂಬತ್ತಿಯಿಂದ, ಬೆಂಕಿಯಾಟದವರಿಂದ ದೂರ. ವಾಸನೆ ಹೋಗಲೆಂದು ಆಲ್ಕೊಹಾಲ್ ಸಿಂಪಡಿಸಿದ್ದರೆ ಪೂರ್ತಿ ಆರಿದ ಮೇಲಷ್ಟೇ ತೊಡಿ.

ಜಿಪ್ ಬೆನ್ನಿಗಿದೆ. ಪರವಾಗಿಲ್ಲವೇ?

ಬೇರೆಯವರ ಸಹಾಯವಿಲ್ಲದೆ ಒಂದು ನಿಮಿಷದೊಳಗೆ ಹೊರಬರಲು ಆಗುತ್ತದೆಯೇ ಎಂದು ಮನೆಯಲ್ಲಿ ಪರೀಕ್ಷಿಸಿ. ಆಗದಿದ್ದರೆ ಜಿಪ್‌ನ ಹಿಡಿಗೆ ಉದ್ದನೆಯ ಪಟ್ಟಿ ಕಟ್ಟಿ. ಕೈಗವಸು ಮೊದಲು ಕಳಚಿಕೊಳ್ಳುವಂತಿರಲಿ. ದಪ್ಪ ಪಂಜದ ಬೆರಳಿನಿಂದ ಜಿಪ್ ಹಿಡಿಯಲು ಆಗುವುದಿಲ್ಲವೆಂದು ನಾನು ಕಲಿತದ್ದು ಒಂದು ಶೌಚಾಲಯದಲ್ಲಿ, ತಡವಾಗಿ. ಅಂದಹಾಗೆ, ಶೌಚಾಲಯಕ್ಕೆ ವೇಷ ತೊಡುವ ಮೊದಲೇ ಹೋಗಿಬನ್ನಿ. ಹೋಗಬೇಕಾದೀತೆಂದು ನೀರು ಕಡಿಮೆ ಕುಡಿಯುವುದು ಎಲ್ಲಕ್ಕಿಂತ ಕೆಟ್ಟ ಉಪಾಯ.

ಯಾರು ತೊಡಬಾರದು?

ಜ್ವರ, ಭೇದಿ, ನಿದ್ದೆಗೆಟ್ಟ ದಿನ ಯಾರೂ ಬೇಡ. ಹೃದ್ರೋಗ, ಆಸ್ತಮಾ, ಅಪಸ್ಮಾರ, ಮಧುಮೇಹ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿ ನಿರ್ಧರಿಸಲಿ. ಮಾತ್ರೆಗಳ ಬಗ್ಗೆ ಕೇಳುವುದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ನಿದ್ದೆ ತರಿಸುವ ಕೆಲವು ಅಲರ್ಜಿ ಮಾತ್ರೆಗಳು, ಖಿನ್ನತೆಯ ಕೆಲವು ಔಷಧಿಗಳು ಬೆವರನ್ನು ತಗ್ಗಿಸುತ್ತವೆ. ಮೂತ್ರ ಹೆಚ್ಚಿಸುವವು ನೀರನ್ನು ಬಸಿಯುತ್ತವೆ. ರಕ್ತದೊತ್ತಡದ ಕೆಲವು ಮಾತ್ರೆಗಳು ಬಿಸಿಗೆ ಹೃದಯ ಸ್ಪಂದಿಸುವ ರೀತಿಯನ್ನೇ ಬದಲಿಸುತ್ತವೆ. ನೀವಾಗಿ ಮಾತ್ರೆ ಬಿಡಬೇಡಿ, ಕೇಳಿ. ಮನಸ್ಸು ಕೇಳದಿದ್ದರೆ ಬರೀ ತಲೆ, ಕೈ ಪಂಜ, ಬಾಲ ಇರುವ ಅರೆವೇಷ ತೊಡಿ. ಮೈಗೆ ಗಾಳಿಯಾಡುತ್ತದೆ, ಫೋಟೊದಲ್ಲೂ ಚೆನ್ನಾಗಿಯೇ ಬರುತ್ತದೆ.

ಮರುದಿನಕ್ಕೆ ಒಣಗಿಸುವುದು ಹೇಗೆ?

ಒಳಭಾಗ ಹೊರಗೆ ಮಾಡಿ ತೂಗುಹಾಕಿ, ರಾತ್ರಿಯಿಡೀ ಫ್ಯಾನ್ ಬಿಡಿ. ತಲೆಯನ್ನು ಫ್ಯಾನಿನ ಎದುರು ಬಾಯಿ ತೆರೆದಿಟ್ಟು ಕೂರಿಸಿ. ಬಿಸಿಗಾಳಿ ಬೇಡ, ತುಪ್ಪಳದ ತುದಿ ಸುಟ್ಟು ಮುದುಡಿದರೆ ಮತ್ತೆ ಸರಿಯಾಗುವುದಿಲ್ಲ. ಒದ್ದೆಯಾಗಿ ಚೀಲಕ್ಕೆ ತುರುಕಿದರೆ ಬೂಷ್ಟು ಹಿಡಿಯುತ್ತದೆ, ಅದನ್ನೇ ಮರುದಿನ ಮೂಗಿಗೆ ಕಟ್ಟಿಕೊಂಡು ಉಸಿರಾಡಬೇಕು. ನಿಮ್ಮ ತಲೆಯನ್ನು ಇನ್ನೊಬ್ಬರಿಗೆ ಎರವಲು ಕೊಡುವುದೂ ಬೇಡ.

ವೇಷದಲ್ಲಿರುವಾಗ ಮೂಗು ತುರಿಸಿದರೆ?

ಈ ಪ್ರಶ್ನೆ ಕೇಳುವವರು ನಗುತ್ತ ಕೇಳುತ್ತಾರೆ, ಅನುಭವಿಸಿದವರು ನಗುವುದಿಲ್ಲ. ಗಗನಯಾತ್ರಿಗಳ ಶಿರಸ್ತ್ರಾಣದೊಳಗೆ ಕಿವಿಯ ಒತ್ತಡ ಸರಿಪಡಿಸಲು ಮೂಗು ಒತ್ತಿಹಿಡಿಯುವ ಒಂದು ಪುಟ್ಟ ಫೋಮ್ ತುಂಡು ಇರುತ್ತದೆ. ತುರಿಕೆಗೂ ಅವರು ಅದನ್ನೇ ಬಳಸುತ್ತಾರೆ. ನಾನು ನನ್ನ ತೋಳದ ಮೂತಿಯೊಳಗೆ, ಗಾಳಿಯ ದಾರಿಗೆ ಅಡ್ಡವಾಗದಂತೆ, ಒಂದು ಫೋಮ್ ತುಂಡು ಅಂಟಿಸಿದ್ದೇನೆ. ತಲೆ ಸ್ವಲ್ಪ ಎಡಕ್ಕೆ ವಾಲಿಸಿದರೆ ಮೂಗಿಗೆ ಸಿಗುತ್ತದೆ. ಹೊರಗಿನವರಿಗೆ ಅದು ತೋಳ ಏನನ್ನೋ ಕೇಳಿಸಿಕೊಂಡು ಕತ್ತು ಓರೆ ಮಾಡಿದ ಹಾಗೆ ಕಾಣುತ್ತದೆ, ಮಕ್ಕಳು ತಾವೂ ಹಾಗೆಯೇ ಮಾಡುತ್ತಾರೆ.